ಶಹಾಬಾದ್ ಫರಸಿ ಹಾಕಿಸುವವರಿಗೆ: ತುಳಿದು, ಒರೆಸಿ ನೋಡಿದ ಮೇಲಿನ ಮಾತು

ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸುವವರ ಮುಂದೆ ಈಗ ಫರಸಿ (ನೆಲಕ್ಕೆ ಹಾಸುವ ನಮ್ಮ ಕಡೆಯ ಕಲ್ಲು) ಅಂದರೆ ಮುಖ ಸಿಂಡರಿಸುತ್ತಾರೆ. ‘ಅದು ದನದ ಕೊಟ್ಟಿಗೆಗೆ ಹಾಕೋ ಕಲ್ಲಲ್ರೀ’ ಎಂದು ನಮ್ಮ ಓಣಿಯವರೇ ಒಬ್ಬರು ಅಂದಿದ್ದರು. ಅವರ ಮನೆಯಲ್ಲಿ ಫಳಫಳ ಹೊಳೆಯುವ ಬಿಳಿ ಟೈಲ್ಸ್ ಇದೆ. ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದವರು ಗೋಡೆ ಹಿಡಿದೇ ನಡೆಯಬೇಕು. ನಾವು ಕೆಳಗಿನ ಮನೆಗೆ ಪೂರ್ತಿ ಪಾಲಿಶ್ ಮಾಡಿಸಿದ ಶಹಾಬಾದ್ ಫರಸಿ, ಮೇಲಿನ ಎರಡು ಕೋಣೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಎರಡನ್ನೂ ಒರೆಸುವವಳು ನಾನೇ ಆದ್ದರಿಂದ ಎರಡರ ಗುಣ ಅವಗುಣವೂ ನನ್ನ ಸೊಂಟಕ್ಕೆ ಗೊತ್ತು. ಕಲ್ಲಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಪಾಲಿಶ್ ಮಾಡಲು ಬಂದ ತಂಡಕ್ಕೆ ಒಂದೂವರೆ, ಅದೂ ಹೇಳಿದ ದಿನಕ್ಕೆ ಬಂದರು ಅನ್ನೋ ಕಾರಣಕ್ಕೆ.

ಮೊದಲು ಕಲ್ಲಿನ ಜಾತಿ ತಿಳಿದುಕೊಳ್ಳಿ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ಗಣಿಗಳಿಂದ ಬರುವ ಈ ಬೂದು ನೀಲಿ ಕಲ್ಲು ಸುಣ್ಣದಕಲ್ಲು, ಗ್ರಾನೈಟ್ ಅಲ್ಲ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ತಾಪತ್ರಯ ತಪ್ಪುತ್ತದೆ. ನೆಲದೊಳಗೆ ಇದು ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿಯ ಹಾಗೆ ಪದರ ಪದರವಾಗಿ ಕೂತಿರುತ್ತದೆ, ಹಾರೆ ಹಾಕಿ ಮೀಟಿದರೆ ಹಾಸು ಹಾಸಾಗಿ ಏಳುತ್ತದೆ. ಗ್ರಾನೈಟಿನ ಹಾಗೆ ದೊಡ್ಡ ಗರಗಸದಲ್ಲಿ ಸೀಳುವ ಖರ್ಚಿಲ್ಲ, ಹಾಗಾಗಿ ಅಗ್ಗ. ಹಾಗಾಗಿಯೇ ನಮ್ಮ ಭಾಗದಲ್ಲಿ ನೆಲಕ್ಕಷ್ಟೇ ಅಲ್ಲ, ಹಳೇ ಮನೆಗಳ ಮಾಳಿಗೆಗೂ ಇದೇ ಹಾಸು, ಹೊಲದ ಬದುವಿಗೆ ಬೇಲಿಯಾಗಿ ನಿಲ್ಲಿಸುವುದೂ ಇದನ್ನೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಅರೆದು ಸುಡುವುದೂ ಈ ಭಾಗದ ಸುಣ್ಣದಕಲ್ಲನ್ನೇ. ಗಡಿಯಾಚೆಯ ತೆಲಂಗಾಣದ ತಾಂಡೂರು ಕಲ್ಲು ಇದರ ದಾಯಾದಿ, ನೀಲಿ ಮತ್ತು ಹಳದಿ ಎರಡರಲ್ಲೂ ಸಿಗುತ್ತದೆ. ರಾಜಸ್ಥಾನದ ಕೋಟಾ ಸ್ಟೋನ್ ಕೂಡ ಸುಣ್ಣದಕಲ್ಲೇ, ಹಸಿರು ಛಾಯೆಯದು. ಕೋಟಾ ನನಗೂ ಇಷ್ಟ. ಆದರೆ ಕಲ್ಲಿನ ಊರಲ್ಲಿ ಕೂತು ಅಷ್ಟು ದೂರದಿಂದ ಕಲ್ಲು ತರಿಸುವುದು ಯಾಕೋ ಮನಸ್ಸಿಗೆ ಬರಲಿಲ್ಲ.

‘ಫರಸಿ ಹಾಕಿದರೆ ಮನೆ ತಂಪು’ ಎನ್ನುವ ಮಾತನ್ನು ಮಾರುವವರೆಲ್ಲ ಹೇಳುತ್ತಾರೆ. ಇದರಲ್ಲಿ ಅರ್ಧ ನಿಜ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಹೊರಗಿಂದ ಬಂದು ನಮ್ಮ ಪಡಸಾಲೆಯಲ್ಲಿ ಬರಿಗಾಲಿಟ್ಟರೆ ಜೀವ ಬಂದಂತಾಗುವುದು ಸುಳ್ಳಲ್ಲ. ಆದರೆ ಆ ತಂಪಿನ ಬಹುಪಾಲು ಕಲ್ಲಿನ ಕೆಳಗಿನ ಮಣ್ಣಿನದು. ಕೆಳಗಿನ ಮನೆಗೆ ಟೈಲ್ಸ್ ಹಾಕಿದ್ದರೂ ಹೆಚ್ಚುಕಡಿಮೆ ಅಷ್ಟೇ ತಂಪು ಇರುತ್ತಿತ್ತು. ಇದೇ ಫರಸಿಯನ್ನು ಮೇಲಿನ ಮಹಡಿಗೆ, ಅದೂ ಬಿಸಿಲು ನೇರ ಹೊಡೆಯುವ ಸ್ಲ್ಯಾಬಿನ ಕೆಳಗಿನ ಕೋಣೆಗೆ ಹಾಕಿಸಿ ತಂಪು ನಿರೀಕ್ಷಿಸಿದರೆ ನಿರಾಶೆ ಖಂಡಿತ. ಕಲ್ಲು ಒಮ್ಮೆ ಕಾದರೆ ಆರುವುದೂ ನಿಧಾನ. ತೂಕ ಬೇರೆ. ಇಂಚು ದಪ್ಪದ ಫರಸಿ ಚದರಡಿಗೆ ಸುಮಾರು 6 ಕೆಜಿ ತೂಗುತ್ತದೆ, ಟೈಲ್ಸ್ 2 ಕೆಜಿ ಆಸುಪಾಸು. ಕಲ್ಲಿನ ಕೆಳಗೆ ಹಾಕುವ ಮಾಲೂ (ಸಿಮೆಂಟ್ ಮರಳಿನ ಗಾರೆ) ಹೆಚ್ಚು. ಮಹಡಿಗೆ ಕಲ್ಲು ಬೇಕೇ ಬೇಕು ಅನ್ನುವವರು ಸ್ಲ್ಯಾಬ್ ಹಾಕುವ ಮುಂಚೆಯೇ ಎಂಜಿನಿಯರಿಗೆ ಹೇಳಿರಬೇಕು.

ಹಾಗಾದರೆ ಫರಸಿ ಯಾಕೆ? ನಮ್ಮ ಮನೆಯಲ್ಲಿ ಇದು ತೀರ್ಮಾನವಾದದ್ದು ಅತ್ತೆಯ ಮೊಣಕಾಲಿನಿಂದ. ಮಗನ ಆಸೆಗೆ ಒಪ್ಪಿ ಅಂಗಡಿಗೆ ಟೈಲ್ಸ್ ನೋಡಲು ಬಂದವರು, ಶೋರೂಮಿನ ಮಾದರಿ ನೆಲದ ಮೇಲೆ ಎರಡು ಹೆಜ್ಜೆ ಇಟ್ಟು ನನ್ನ ಕೈ ಹಿಡಿದುಕೊಂಡರು. ‘ಇದರ ಮ್ಯಾಲ ಕಾಲಿಟ್ರ ಜೀವ ಝಲ್ ಅಂತದ ನೋಡವಾ, ನಂಗ ಫರಸೀನೇ ಹಾಕಸ್ರಿ.’ ಮಾತು ಅಲ್ಲಿಗೇ ಮುಗಿಯಿತು. ಹದವಾಗಿ ಪಾಲಿಶ್ ಮಾಡಿದ ಫರಸಿ ಹೊಳೆಯುತ್ತದೆ, ಜಾರುವುದು ಕಡಿಮೆ. ಪಾಲಿಶ್ ಹೆಚ್ಚು ಮಾಡಿಸಿದರೆ ಇದೂ ಜಾರುತ್ತದೆ. ಆ ಆಸೆಗೆ ಬೀಳಬೇಡಿ.

ಇನ್ನು ಖರೀದಿ. ಅಂಗಳದಲ್ಲಿ ಕಲ್ಲು ನಿಲ್ಲಿಸಿ ಮಾರುವವರ ಹತ್ತಿರ ಹೋಗುವಾಗ ಕಲ್ಲು ಕೂಡಿಸುವ ಗೌಂಡಿಯನ್ನು (ಮೇಸ್ತ್ರಿಯನ್ನು) ಜೊತೆಗೇ ಕರೆದುಕೊಂಡು ಹೋಗಿ, ಅವನ ಒಂದು ದಿನದ ಪಗಾರ ಕೊಟ್ಟರೂ ಲಾಭವೇ. ನಮ್ಮ ಗೌಂಡಿ ಮಾಡಿದ ಮೊದಲ ಕೆಲಸ, ಜೇಬಿಂದ ಐದು ರೂಪಾಯಿ ನಾಣ್ಯ ತೆಗೆದು ಪ್ರತಿ ಕಲ್ಲಿನ ಅಂಚಿಗೆ ಬಡಿದದ್ದು. ‘ಖಣಖಣ ಅಂದ್ರ ತಗೋರಿ ಅಕ್ಕಾರ. ಬದ್ ಅಂದ್ರ ಒಳಗ ಬಿರುಕದ ಅಂತ ತಿಳಕೋರಿ.’ ಮಾಲೀಕರಿಗೆ ಇದು ಹಿಡಿಸಲಿಲ್ಲ, ಚಹಾ ತರಿಸಿ ನಮ್ಮನ್ನು ಕುರ್ಚಿಗೆ ಕಟ್ಟಿಹಾಕಲು ನೋಡಿದರು. ಗೌಂಡಿ ಚಹಾ ಕುಡಿಯುತ್ತಲೇ ಬಡಿಯುತ್ತಿದ್ದ. ಎರಡನೆಯದು ನೀರು. ಒಂದು ಚೊಂಬು ನೀರು ಸುರಿದರೆ ಒಣಗಿದಾಗ ಕಾಣದ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಕೂದಲೆಳೆಯಂಥ ಗೆರೆ ಇದ್ದರೆ ಚೆಂದವೇ. ಅಂಚಿನಿಂದ ಅಂಚಿಗೆ ಹಾದುಹೋದ ದಪ್ಪ ಗೆರೆಯ ಕಲ್ಲು ಸಾಗಿಸುವಾಗಲೋ ಕೂಡಿಸುವಾಗಲೋ ಅಲ್ಲೇ ಒಡೆಯುತ್ತದೆ. ಪಾಲಿಶ್ ಆದ ಮೇಲೆ ಕಲ್ಲಿಗೆ ಎಂಥ ಬಣ್ಣ ಬರುತ್ತದೆ ಎಂಬುದೂ ಈ ನೀರಲ್ಲೇ ಅಂದಾಜಾಗುತ್ತದೆ.

ಮೂರನೆಯದು ದಪ್ಪ, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಂದರೆ ಇದೇ. ಪದರ ಎದ್ದ ಹಾಗೆ ಬರುವ ಕಲ್ಲಾದ್ದರಿಂದ ಒಂದು ಮುಕ್ಕಾಲು ಇಂಚು, ಪಕ್ಕದ್ದು ಒಂದೂಕಾಲು. ದಪ್ಪ ತೆಳು ಬೆರೆತರೆ ಗೌಂಡಿ ಪ್ರತಿ ಕಲ್ಲಿನ ಕೆಳಗೂ ಮಾಲು ಹೆಚ್ಚು ಕಡಿಮೆ ಮಾಡುತ್ತ ಕೂರಬೇಕು, ಕೂಲಿ ಏರುತ್ತದೆ, ಮಟ್ಟವೂ ತಪ್ಪುತ್ತದೆ. ನಾವು ಲಾರಿಗೆ ಹೇರುವ ಮುಂಚೆಯೇ ಒಂದೇ ದಪ್ಪದವನ್ನು ಬೇರೆ ಮಾಡಿಸಿದೆವು. ಮಾಲೀಕರು ‘ಹಿಂಗ ಆರಿಸಿಕೊಂಡ್ರ ಉಳದದ್ದು ಯಾರಿಗಿ ಮಾರ್ಲಿ’ ಎಂದು ಗೊಣಗಿದರು, ಚದರಡಿಗೆ ಎರಡು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರು. ಕೊಟ್ಟದ್ದಕ್ಕೆ ಬೇಸರವಿಲ್ಲ. ಅಂಚು ಮಷಿನ್ ಕಟ್ ಆಗಿರಲಿ. ಕೈಯಲ್ಲಿ ಉಳಿಯಿಂದ ಒಡೆದ ಅಂಚಿಗೆ ಸಂದು ಅಗಲವಾಗಿ ಬಿಡಬೇಕಾಗುತ್ತದೆ, ಆ ಸಂದಿನಲ್ಲಿ ಕೊಳೆ ಕೂತು ಮನೆಯೆಲ್ಲ ಚೌಕಾಬಾರದ ಹಲಗೆ! ನಾವು ತಂದದ್ದು 2x2 ಅಡಿಯ ಕಲ್ಲು, ಒಂದೊಂದು ಸುಮಾರು 24 ಕೆಜಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದರೆ ಅಳತೆ ಒಂದೇ ಬರಬೇಕು. ಬರದಿದ್ದರೆ ಆ ಕಲ್ಲು ಚೌಕವಲ್ಲ, ಸೊಟ್ಟ.

ಕೂಡಿಸುವುದರ ಬಗ್ಗೆ ಹೆಚ್ಚು ಹೇಳಲಾರೆ, ಅದು ಗೌಂಡಿಯ ಕೈಗುಣ. ನೋಡಬೇಕಾದದ್ದು ಇಷ್ಟು: ರಸಮಟ್ಟ, ದಾರ, ಮೂಲೆಮಟ್ಟ ಮೂರೂ ಬಳಕೆಯಲ್ಲಿರಲಿ, ಕಲ್ಲನ್ನು ಇಡುವ ಮುಂಚೆ ಕೆಳಮೈ ತೊಳೆದು ಒದ್ದೆ ಮಾಡಿರಲಿ, ಮಾಲಿನ ಮೇಲೆ ಸಿಮೆಂಟ್ ಹಾಲು ಪೂರ್ತಿ ಹರಡಿರಲಿ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಕಲ್ಲು ಕೂಡಿಸುವವರಿದ್ದಾರೆ. ಮುಂದೆ ಗೋದ್ರೇಜ್ ಬೀರು ಎಳೆಯುವಾಗ ಅಂಥ ಕಲ್ಲು ನಡುವೆಯೇ ಸೀಳುತ್ತದೆ. ಬಚ್ಚಲಿಗೆ ಇಳಿಜಾರು ಸರಿ ಇದೆಯೋ ಇಲ್ಲವೋ ಅದೇ ದಿನ ನೀರು ಸುರಿದು ನೋಡಿ, ಮರುದಿನ ನೋಡುತ್ತೇನೆ ಅಂದರೆ ಒಡೆಸಬೇಕಾಗುತ್ತದೆ. ಆಮೇಲೆ ಒಂದು ವಾರ ನೀರು ಹೊಡೆಸಿ, ಮೂರು ವಾರವಾದರೂ ಬಿಟ್ಟು ಪಾಲಿಶಿಗೆ ಕರೆಯಿರಿ. ಸಂದು ಗಟ್ಟಿಯಾಗದೆ ಮಷಿನ್ ಓಡಿಸಿದರೆ ಅಂಚುಗಳು ಉದುರುತ್ತವೆ.

ಈಗ ಒಂದೂವರೆ ಅಂಕದ ತಂಡಕ್ಕೆ ಬರೋಣ. ಮಷಿನ್ನಿಗೆ ಹಾಕುವ ಒರಟು ತಿಕ್ಕುಕಲ್ಲಿನಿಂದ ಶುರುಮಾಡಿ ನುಣುಪು ತಿಕ್ಕುಕಲ್ಲಿನವರೆಗೆ ನಂಬರ್ ಏರಿಸುತ್ತ ನೀರು ಬಿಟ್ಟು ತಿಕ್ಕುವುದು ಪಾಲಿಶ್ ಕೆಲಸ. ತಿಕ್ಕುವಾಗ ಬರುವ ಬೂದು ರಾಡಿಯನ್ನು ಬಚ್ಚಲ ಕಿಂಡಿಗೆ ಬಿಡಕೂಡದು, ಒಳಗೆ ಕೂತು ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತುಂಬಿ ಹೊರಗೆ ಹಾಕಿಸಿ ಎಂದು ನಾನು ಬಾಗಿಲಲ್ಲೇ ಕೂತು ಮಾಡಿಸಿದೆ. ನಡುವಿನ ಒಂದು ನಂಬರ್ ಹಾರಿಸಲು ನೋಡಿದರು, ಅದನ್ನೂ ಗೌಂಡಿ ಹಿಡಿದ. ಮೂರನೇ ದಿನ ನಾನು ಆಫೀಸಿಗೆ ಹೋದೆ ನೋಡಿ, ಅಡುಗೆಮನೆ ಬಾಗಿಲ ಹತ್ತಿರ ಉಳಿದಿದ್ದ ಸಿಮೆಂಟ್ ಕಲೆಗಳನ್ನು ಬೇಗ ತೆಗೆಯಲಿಕ್ಕೆಂದು ಅವರ ಹುಡುಗ ಆ್ಯಸಿಡ್ ಸುರಿದಿದ್ದಾನೆ. ಸುಣ್ಣದಕಲ್ಲಿಗೆ ಆ್ಯಸಿಡ್! ಅತ್ತೆ ಹೇಳಿದ ಪ್ರಕಾರ ‘ನೆಲ ಬುಸುಬುಸು ಅಂತು.’ ಸಂಜೆ ಬಂದು ನೋಡಿದರೆ ಹೊಳಪಿನ ನಡುವೆ ತಟ್ಟೆಯಗಲದ ಬಿಳಿ ಮಚ್ಚೆಗಳು. ಕೈ ಆಡಿಸಿದರೆ ಅಲ್ಲಿ ಮಾತ್ರ ತರಿತರಿ. ಮೇಲ್ಮೈಯೇ ತಿಂದುಹೋಗಿತ್ತು.

‘ಒಣಗಿದ ಮ್ಯಾಲ ಹೋಗ್ತದರಿ’ ಎಂದರು ಮುಖ್ಯಸ್ಥರು. ಒಣಗಿತು, ಹೋಗಲಿಲ್ಲ. ಮತ್ತೆ ಕರೆದಾಗ ಬಂದು ಎಂಥದೋ ಎಣ್ಣೆ ಸವರಿದರು, ಮಚ್ಚೆ ಮಾಯ! ಹಣದ ಉಳಿಕೆ ಎಣಿಸಿಕೊಂಡು ಹೋದರು. ನಾಲ್ಕು ಸಲ ನೆಲ ಒರೆಸಿದ ಮೇಲೆ ಎಣ್ಣೆ ಹೋಗಿ ಮಚ್ಚೆ ಮರಳಿ ಬಂತು. ಆಮೇಲೆ ಫೋನ್ ಎತ್ತಲಿಲ್ಲ. ಕೊನೆಗೆ ಬೇರೊಬ್ಬರು ಕೈ ಮಷಿನ್ ತಂದು ಆ ಜಾಗವನ್ನಷ್ಟೇ ನುಣುಪು ನಂಬರಿನಿಂದ ಮತ್ತೆ ತಿಕ್ಕಿ ಸರಿ ಮಾಡಿದರು. ಈಗ ಎಲ್ಲಿತ್ತೆಂದು ಹುಡುಕಬೇಕು. ಟೈಲ್ಸಿನ ಮೇಲ್ಮೈ ಹೀಗೆ ಹೋಗಿದ್ದರೆ ಕಿತ್ತು ಬೇರೆ ಹಾಕುವುದೇ ದಾರಿ. ಕಲ್ಲಾದ್ದರಿಂದ ತಿಕ್ಕಿದರೆ ಕೆಳಗೂ ಅದೇ ಕಲ್ಲು. ನಾನು ನಾಲ್ಕು ಅಂಕ ಕೊಟ್ಟದ್ದು ಮುಖ್ಯವಾಗಿ ಈ ಗುಣಕ್ಕೆ. ಪಾಲಿಶಿನವರ ಜೊತೆ ಕರಾರು ಮಾಡುವಾಗ ‘ಆ್ಯಸಿಡ್ ಮುಟ್ಟಿಸಕೂಡದು, ಮಚ್ಚೆ ಬಿದ್ದರೆ ಪುಕ್ಕಟೆ ತಿಕ್ಕಿಕೊಡಬೇಕು’ ಎಂದು ಚೀಟಿಯಲ್ಲಿ ಬರೆಸಿ, ಕಾಲು ಭಾಗ ಹಣವನ್ನು ಹದಿನೈದು ದಿನ ತಡೆದಿಡಿ.

ದಿನದ ಆರೈಕೆ ಸುಲಭ. ಮೊದಲು ಒಣ ಪೊರಕೆ, ಆಮೇಲೆ ಬರೀ ನೀರು. ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಸೋಪಿನ ನೀರು ಚೂರೇ ಚೂರು ಬೆರೆಸಿದರೆ ಸಾಕು. ನಮ್ಮ ಬೋರಿನ ನೀರು ಗಡಸು. ಒರೆಸಿ ಹಾಗೇ ಬಿಟ್ಟರೆ ಬಿಳಿ ಪೊರೆ ಕಟ್ಟುತ್ತದೆ, ಆದ್ದರಿಂದ ಹಿಂದೆಯೇ ಒಣ ಬಟ್ಟೆ ಆಡಿಸುತ್ತೇನೆ. ಶೌಚಾಲಯ ತೊಳೆಯುವ ನೀಲಿ ಬಾಟಲಿ, ನಿಂಬೆ ಪರಿಮಳದ್ದೆಂದು ಬರುವ ಹುಳಿ ದ್ರಾವಣಗಳು, ವಿನೆಗರ್ ಇವು ನೆಲದ ಹತ್ತಿರವೂ ಬರಬಾರದು. ಕೆಲಸಕ್ಕೆ ಬರುವ ಅಕ್ಕನಿಗೆ ಇದನ್ನು ಮೊದಲ ದಿನವೇ ಹೇಳಿಟ್ಟಿದ್ದೇನೆ. ಹುಣಸೆ ರಸ, ನಿಂಬೆ, ಮಜ್ಜಿಗೆ ಚೆಲ್ಲಿದರೆ ಅಡುಗೆ ಆಮೇಲೆ, ಒರೆಸುವುದು ಮೊದಲು. ಸ್ವಲ್ಪ ಹೊತ್ತು ಬಿಟ್ಟರೂ ಹೊಳಪು ಮಂಕಾಗುತ್ತದೆ. ಇದೇ ಕಾರಣಕ್ಕೆ ಅಡುಗೆ ಕಟ್ಟೆಗೆ ಮಾತ್ರ ಫರಸಿ ಬೇಡ, ಗ್ರಾನೈಟ್ ಹಾಕಿಸಿ. ಹುಳಿಗೆ ಅದು ಜಗ್ಗುವುದಿಲ್ಲ.

ಎಣ್ಣೆ ಕಲೆ ಈ ಕಲ್ಲಿನ ಇನ್ನೊಂದು ದೌರ್ಬಲ್ಯ. ದೇವರ ಕೋಣೆಯಲ್ಲಿ ದೀಪದ ಎಣ್ಣೆ ಇಳಿದು ಅಂಗೈಯಗಲ ಕಪ್ಪಾಗಿತ್ತು. ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲೆಸಿ ಅರ್ಧ ಬೆರಳು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಟ್ಟು ಕೆರೆದಾಗ ಅರ್ಧ ಎಣ್ಣೆ ಪುಡಿಗೆ ಬಂದಿತ್ತು. ಮತ್ತೆ ಮಾಡಿದ ಮೇಲೆ ಹುಡುಕಿದರಷ್ಟೇ ಕಾಣುವಷ್ಟಾಯಿತು. ಈಗ ದೀಪದ ಸಮೆಯ ಕೆಳಗೆ ಹಿತ್ತಾಳೆ ತಟ್ಟೆ ಇದೆ. ಕುಂಕುಮ ಒದ್ದೆಯಾಗಿ ನಿಂತರೂ ಕೆಂಪು ಇಳಿಯುತ್ತದೆ, ಹಬ್ಬದ ಮರುದಿನ ನೋಡಿಕೊಳ್ಳಿ. ಕಲ್ಲಿನೊಳಗೆ ಇಂಗುವ ಸೀಲರ್ ಹಚ್ಚಿಸಿದರೆ ಇದೆಲ್ಲ ಕಡಿಮೆಯಾಗುತ್ತದೆ, ದೇವರ ಕೋಣೆಗೂ ಊಟದ ಜಾಗಕ್ಕೂ ಹಚ್ಚಿಸುವುದು ಒಳ್ಳೆಯದು. ಮೇಲೆ ಪೊರೆಯಾಗಿ ನಿಲ್ಲುವ ಮೇಣ, ವಾರ್ನಿಶ್ ಬೇಡವೇ ಬೇಡ. ನಡೆದಾಡುವ ದಾರಿಯಷ್ಟೇ ಸವೆದು ಮನೆ ನಡುವೆ ಕಾಲುದಾರಿ ಮೂಡುತ್ತದೆ. ಬಾಗಿಲಿಗೆ ಒರಟು ಕಾಲೊರಸು ಇರಲಿ, ಹೊಳಪು ತಿನ್ನುವುದು ಚಪ್ಪಲಿಯ ಮರಳು.

ಮೇಲಿನ ಟೈಲ್ಸಿನ ಬಗ್ಗೆ ಎರಡೇ ಮಾತು. ಡಬಲ್ ಚಾರ್ಜ್ ವಿಟ್ರಿಫೈಡ್ ತಂದೆವು, ಗುಜರಾತಿನ ಮೋರ್ಬಿಯ ಮಾಲು. ಬಣ್ಣದ ಪದರವೇ ಮೂರು ನಾಲ್ಕು ಮಿಲಿಮೀಟರ್ ಇರುವುದರಿಂದ ಗೀರು ಬಿದ್ದರೂ ಕೆಳಗಿನ ಬಣ್ಣ ಇಣುಕುವುದಿಲ್ಲ. ಮೇಲ್ಮೈಗೆ ಚಿತ್ರ ಅಚ್ಚೊತ್ತಿದ ಗ್ಲೇಜ್ ಟೈಲ್ಸಿನಲ್ಲಿ ಆ ಧೈರ್ಯವಿಲ್ಲ. ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ, ಹುಳಿ ಎಣ್ಣೆ ಯಾವುದಕ್ಕೂ ಅಂಜಿಕೆ ಇಲ್ಲ. ಒರೆಸಲು ಫರಸಿಗಿಂತ ಸಲೀಸು, ಸುಳ್ಳು ಯಾಕೆ ಹೇಳಲಿ. ಆದರೆ ತಿಳಿಬಣ್ಣದ ಟೈಲ್ಸಿನ ಮೇಲೆ ಒಂದು ಕೂದಲು ಬಿದ್ದರೂ ಕಾಣುತ್ತದೆ. ಪೆಟ್ಟಿಗೆಯ ಮೇಲಿನ ಶೇಡ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಿ, ಒಂದೆರಡು ಪೆಟ್ಟಿಗೆ ಹೆಚ್ಚಿಗೆ ತಂದಿಡಿ. ಎರಡು ವರ್ಷ ಬಿಟ್ಟು ಹೋದರೆ ಆ ಡಿಸೈನೇ ನಿಂತುಹೋಗಿರುತ್ತದೆ.

ಖರ್ಚಿನ ಲೆಕ್ಕದಲ್ಲಿ ಒಂದು ಭ್ರಮೆ ಬೇಡ. ಕಲ್ಲು ಅಗ್ಗ ಎಂದು ಹಿಗ್ಗಿದರೆ ಕೂಡಿಸುವ ಕೂಲಿ, ಪಾಲಿಶ್, ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಪಾಲಿಶ್ ಎಲ್ಲ ಸೇರಿ ನಮಗೆ ಮಧ್ಯಮ ದರ್ಜೆ ಟೈಲ್ಸಿನ ಹತ್ತಿರಹತ್ತಿರವೇ ಬಿತ್ತು. ಗೃಹಪ್ರವೇಶಕ್ಕೆ ತಿಂಗಳೊಪ್ಪತ್ತು ಉಳಿದಿದೆ, ಬೇಗ ಮುಗಿಯಬೇಕು ಅನ್ನುವವರಿಗೆ, ಬಾಡಿಗೆಗೆ ಕೊಡುವ ಮನೆಗೆ, ಮಹಡಿಯ ಕೋಣೆಗೆ ಟೈಲ್ಸೇ ಸರಿ. ವಯಸ್ಸಾದವರು, ಅಂಬೆಗಾಲಿಡುವ ಮಕ್ಕಳು, ಕೆಳಗೆ ಕೂತು ಉಣ್ಣುವ ರೂಢಿ ಇರುವ ಕೆಳಗಿನ ಮನೆಗೆ ಫರಸಿ ಹಾಕಿಸಿ. ಲಾರಿಯಿಂದ ಇಳಿಸುವಾಗ ಹತ್ತು ಕಲ್ಲು ಬದಿಗೆ ತೆಗೆದು ಗೋಡೆಗೆ ನಿಲ್ಲಿಸಿಡಿ. ಮಿಕ್ಕರೆ ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹಾಕಿಕೊಳ್ಳಬಹುದು, ನಾವು ಹಾಗೇ ಮಾಡಿದ್ದೇವೆ.