ಹೋಟೆಲಿನ ಬೂತ್ ಸೀಟಿಗೆ ಹೊಸ ಹೊದಿಕೆ: ರೆಕ್ಸಿನ್, ಪಿಯು ಲೆದರ್, ಬಟ್ಟೆ

ಊಟದ ಜಾಗದ ಬೂತ್ ಸೀಟಿಗೆ, ಅಂದರೆ ಮೇಜಿನ ಪಕ್ಕದ ಉದ್ದನೆಯ ಮೆತ್ತೆ ಬೆಂಚಿಗೆ, ನನ್ನ ಓಟು ವಿನೈಲ್ ರೆಕ್ಸಿನ್‌ಗೇ. ಎಣ್ಣೆ, ಸಾಸ್ ಏನೇ ಚೆಲ್ಲಿದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಆದರೆ ದಿನಾ ಬ್ಲೀಚ್, ಸ್ಪಿರಿಟ್ ಹಾಕಿ ಉಜ್ಜಿದರೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ಮೊದಲು ಹೋಗುವುದು ಸೀಟಿನ ಮುಂದಿನ ಅಂಚು. ಜನ ಒಳಗೆ ಜಾರಿಕೊಂಡು ಹೋಗುವಾಗ ಉಜ್ಜುವುದು ಅಲ್ಲೇ ಜಾಸ್ತಿ. ಆ ಅಂಚಿನ ಮೇಲೆ ಹೊಲಿಗೆ ಬರದಂತೆ ಹೊಲಿಸಿ.

ಪಿಯು ಲೆದರ್ (ಪಾಲಿಯುರಿಥೇನ್ ಪದರದ ಕೃತಕ ಚರ್ಮ) ಕೈಗೆ ಮೆತ್ತಗೆ, ನೋಡಲೂ ಚೆಂದ. ಅಗ್ಗದ್ದಾದರೆ ತೇವ, ಬೆವರಿಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಒಮ್ಮೆ ಎದ್ದರೆ ಪೂರ್ತಿ ಬದಲಿಸಬೇಕು.

ಬಟ್ಟೆಯ ಮೇಲೆ ಕೂತರೆ ಸೆಕೆಯಾಗುವುದಿಲ್ಲ, ಗದ್ದಲವನ್ನೂ ಸ್ವಲ್ಪ ಹೀರುತ್ತದೆ. ಕಲೆ, ವಾಸನೆ ಮಾತ್ರ ಬಿಡುವುದಿಲ್ಲ. ಬಟ್ಟೆಯೇ ಇಷ್ಟವಾದರೆ ಒರಗುವ ಕಡೆ ಅದನ್ನು ಹಾಕಿಸಿ, ಕೂರುವ ಕಡೆ ವಿನೈಲ್ ಇರಲಿ.

ಸ್ಯಾಂಪಲ್ ಚೀಟಿಯಲ್ಲಿ ಸವೆತದ ಅಂಕಿಯನ್ನೂ ನೋಡಿ. ಹೊದಿಕೆಯನ್ನು ಉಜ್ಜಿ ಎಷ್ಟು ತಾಳುತ್ತದೆ ಎಂದು ನೋಡುವ ವೈಜೆನ್‌ಬೀಕ್ ಪರೀಕ್ಷೆಯಲ್ಲಿ 30,000 ಡಬಲ್ ರಬ್‌ಗಿಂತ (ಒಮ್ಮೆ ಹಿಂದೆ ಮುಂದೆ ಉಜ್ಜಿದರೆ ಒಂದು ಡಬಲ್ ರಬ್) ಕಡಿಮೆ ಇದ್ದರೆ ಬೇಡ. ಹಳೆಯ ಹೊದಿಕೆ ಬಿಚ್ಚಿದಾಗ ಫೋಮ್ ಅನ್ನು ಅಂಗೈಯಿಂದ ಒತ್ತಿ ನೋಡಿ. ತಕ್ಷಣ ಮೇಲೆ ಬರದಿದ್ದರೆ ಅದನ್ನೂ ಬದಲಿಸಿ. ಕುಸಿದ ಫೋಮ್ ಮೇಲೆ ಎಂಥ ಒಳ್ಳೆಯ ರೆಕ್ಸಿನ್ ಹಾಕಿದರೂ ಸುಕ್ಕುಗಟ್ಟುತ್ತದೆ, ಸುಮ್ನೆ ದುಡ್ಡು ದಂಡ ಅಲ್ವಾ?