ಮಗು ಸಾಕೋಕೆ ಯೂಟ್ಯೂಬ್: ಅಪ್ಪ ಅಮ್ಮಂಗೆ ನಾಲ್ಕು ಸ್ಟಾರ್, ಮಗೂಗೆ ಎರಡು

ಬಾಣಂತನ ಮುಗಿಸ್ಕೊಂಡು ತವರಿಂದ ಬೆಂಗಳೂರಿಗೆ ವಾಪಸ್ ಬಂದೋರ ಮನೇಲೆಲ್ಲ ಈಗ ಇದೇ ಕಥೆ, ಅಮ್ಮ ಒಂದೂರು ಅತ್ತೆ ಒಂದೂರು, ಗಂಡ ಹೆಂಡ್ತಿ ಇಬ್ರೇ ಫೋನ್ ಗೋಡೆಗೆ ಒರಗಿಸಿಟ್ಕೊಂಡು ಮಗೂಗೆ ನೀರು ಹಾಕ್ತಿರ್ತಾರೆ. ನಾವೂ ಅದೇ ಗುಂಪು.

ಕೈಕೆಲಸ ಕಲಿಯೋಕೆ ವಿಡಿಯೋ ಸೂಪರ್, ಅದ್ರಲ್ಲಿ ಎರಡು ಮಾತಿಲ್ಲ. ಕಾಲು ನೀಡ್ಕೊಂಡು ಕೂತು ಮಗೂನ ಬೋರಲು ಮಲಗಿಸ್ಕೊಳೋದು, ಬಟ್ಟೆ ಸುತ್ತೋದು, ಹಾಲು ಕುಡಿದ್ಮೇಲೆ ತೇಗು ಬರ್ಸೋದು, ಇದೆಲ್ಲ ಫೋನಲ್ಲಿ ಕೇಳಿ ಮಾಡೋಕಾಗಲ್ಲ, ನೋಡ್ಬೇಕು. ರಾಗಿ ಸರಿ ಅಂತೂ ನಾನು ಕಲ್ತಿದ್ದೇ ವಿಡಿಯೋದಿಂದ. ನಮ್ಮಮ್ಮನ್ನ ಕೇಳಿದ್ರೆ "ಘಮ್ ಅನ್ನೋವರ್ಗೂ ಹುರಿ" ಅಂತಾರೆ, ಅದು ಎಷ್ಟೊತ್ತು ಅಂತ ಅವ್ರಿಗೂ ಗೊತ್ತಿಲ್ಲ, ವಿಡಿಯೋದಲ್ಲಾದ್ರೆ ಮೊಳಕೆ ಎಷ್ಟುದ್ದ ಬರ್ಬೇಕು, ನೆರಳಲ್ಲಿ ಒಣಗಿದ್ಮೇಲೆ ಹೆಂಗಿರತ್ತೆ, ತೆಳು ಬಟ್ಟೇಲಿ ಜರಡಿ ಹಿಡಿಯೋದು ಹೆಂಗೆ ಎಲ್ಲ ಕಣ್ಣಿಗೇ ಕಾಣತ್ತೆ. ಕೆಳಗೆ ಕಾಮೆಂಟ್ಸ್ ಓದಿ, ಅರ್ಧ ಪಾಠ ಅಲ್ಲೇ ಇರತ್ತೆ.

ಇನ್ನೊಂದು, ಒಂದು ವರ್ಷದೊಳಗಿನ ಮಗು ಗಂಟಲಲ್ಲಿ ಏನಾದ್ರೂ ಸಿಕ್ಕಾಕೊಂಡು ಉಸಿರು ಕಟ್ಟಿದ್ರೆ ಏನ್ ಮಾಡ್ಬೇಕು ಅನ್ನೋ ವಿಡಿಯೋ. ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರೋ ಹಂಗೆ ಹಿಡಿದು ಬೆನ್ನಿಗೆ 5 ಏಟು, ತಿರುಗಿಸಿ ಎದೆ ಮಧ್ಯ 5 ಸಲ ಒತ್ತೋದು. ಡಾಕ್ಟ್ರು ಅಥವಾ ಆಸ್ಪತ್ರೆಯವರು ಮಾಡಿರೋದನ್ನೇ ನೋಡಿ, ಈಗ್ಲೇ ನೋಡಿ, ಆ ಟೈಮಲ್ಲಿ ಹುಡುಕೋಕೆ ಪುರುಸೊತ್ತಿರಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ಮನೆಮದ್ದು ಚಾನೆಲ್‌ಗಳಿಗೆ. ಹುಟ್ಟಿದ ಮಗು ನಾಲಿಗೆಗೆ ಜೇನು ನೆಕ್ಕಿಸಿ ಅಂತ ನಗ್ತಾ ಹೇಳ್ತಾರೆ, ಬೊಟುಲಿಸಂ ಅನ್ನೋ ಕಾಯಿಲೆ ಬರಬಹುದು ಅಂತಾನೇ ಡಾಕ್ಟ್ರು ವರ್ಷ ತುಂಬೋವರ್ಗೂ ಜೇನು ಬೇಡ ಅನ್ನೋದು. ಕಿವಿಗೆ ಮೂಗಿಗೆ ಎಣ್ಣೆ ಬಿಡೋದು ಬೇರೆ. ಮಗು ಬೆಳ್ಳಗಾಗೋಕೆ ಹಿಟ್ಟು ಉಜ್ಜಿ ಅನ್ನೋರಿಗಂತೂ ಏನ್ ಹೇಳೋದು, ಅಪ್ಪ ಅಮ್ಮ ಇಬ್ರೂ ಕಪ್ಪಗಿದ್ರೆ ಮಗು ಎಲ್ಲಿಂದ ಬೆಳ್ಳಗಾಗ್ಬೇಕು ಮಾರಾಯ್ರೇ.

ಈಗ ಮಗೂಗೆ ತೋರ್ಸೋ ವಿಷ್ಯ. ಎರಡು ವರ್ಷದೊಳಗೆ ಸ್ಕ್ರೀನೇ ಬೇಡ, ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಆದ್ರೆ ಓಕೆ, 2ರಿಂದ 5 ವರ್ಷಕ್ಕೆ ದಿನಕ್ಕೆ ಜಾಸ್ತಿ ಅಂದ್ರೆ ಒಂದು ಗಂಟೆ, ಇದು ನಮ್ ದೇಶದ ಮಕ್ಕಳ ಡಾಕ್ಟ್ರ ಸಂಘ ಐಎಪಿ ಹೇಳೋದು. ಹಂಗಂತ ತುತ್ತಿಗೊಂದು ವಿಡಿಯೋ ಹಾಕಿ ಊಟ ಮಾಡ್ಸೋರೇ ಎಲ್ಲಾ ಕಡೆ, ಮಗು ಬಾಯಿ ತೆಗೆಯತ್ತೆ ನಿಜ, ಏನ್ ತಿಂತಿದೀನಿ ಅನ್ನೋ ಗ್ಯಾನ ಇರಲ್ಲ. ಎರಡು ಸ್ಟಾರ್ ಅಷ್ಟೇ ಕೊಟ್ಟಿದ್ದು ಇದಕ್ಕೇ. ತೋರ್ಸಲೇಬೇಕು ಅಂದ್ರೆ ಯೂಟ್ಯೂಬ್ ಕಿಡ್ಸ್ ಆ್ಯಪ್ ಹಾಕ್ಕೊಳಿ, ಫ್ರೀ. ಅದ್ರಲ್ಲಿ ನಾವೇ ಆರಿಸಿದ ವಿಡಿಯೋ ಮಾತ್ರ ಕಾಣೋ ಹಂಗೆ ಸೆಟ್ ಮಾಡ್ಬಹುದು, ಆವಾಗ ಸರ್ಚ್ ಬಂದ್ ಆಗತ್ತೆ, ಟೈಮರ್ ಇಟ್ರೆ ಟೈಮ್ ಮುಗಿದ ತಕ್ಷಣ ಆ್ಯಪೇ ಲಾಕ್ ಆಗತ್ತೆ, ಬೈಸ್ಕೊಳೋದು ನಾವಲ್ಲ ಆ್ಯಪು!

ಆ್ಯಡ್ ಇಲ್ದೆ ಇರೋ ಪ್ರೀಮಿಯಂ ತಗೋಬೇಕಾ ಅಂದ್ರೆ, ಮಗೂಗೋಸ್ಕರ ಬೇಡ. ಎಣ್ಣೆ ಕೈಲಿ ಸ್ಕಿಪ್ ಒತ್ತೋಕಾಗದೆ ಒದ್ದಾಡೋ ಅಪ್ಪಂದ್ರು ಬೇಕಾದ್ರೆ ತಗೊಳ್ಳಿ.