ಮೂವತ್ತೆರಡನೆಯ ಸೆಕೆಂಡಿಗೆ ಕಡಿಯುತ್ತಿದ್ದ ಕರೆ: ಫೈಬರ್ ಮತ್ತು ಇಂಟರ್ನೆಟ್ ಫೋನಿನ ನಾಲ್ಕು ವರ್ಷ

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ನಡುವೆ ನಮ್ಮ ಮನೆ. ಹಿಂಬದಿಯ ಎರಡು ಕೋಣೆಗಳನ್ನು ತಿದ್ದಿ ಹೋಂಸ್ಟೇ ನಡೆಸುತ್ತೇವೆ. ನಾಲ್ಕು ಮಳೆಗಾಲಗಳ ಹಿಂದೆ ಒಂದು ಕಂಪನಿಯಿಂದ 100 ಎಂಬಿಪಿಎಸ್ ವೇಗದ ಫೈಬರ್ ಸಂಪರ್ಕವನ್ನೂ ಇನ್ನೊಂದು ಕಂಪನಿಯಿಂದ ಇಂಟರ್ನೆಟ್ ಫೋನನ್ನೂ ತೆಗೆದುಕೊಂಡೆ. ಜಗಲಿ, ಅಡುಗೆಮನೆ ಮತ್ತು ಅತಿಥಿಗಳ ಕಡೆ, ಹೀಗೆ ಮೂರು ಫೋನುಗಳು. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡದ ಮೇಲಿನ ಗೇಟಿನವರೆಗೆ ನಡೆಯಬೇಕಾದ ಊರು ನಮ್ಮದು. ಆದ್ದರಿಂದ ಇದು ಶೋಕಿಯ ಖರ್ಚಲ್ಲ. ಎರಡೂ ಕಂಪನಿಗಳ ಹೆಸರು ಬರೆಯುವುದಿಲ್ಲ. ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು.

ಮೊದಲು ಫೈಬರ್. ವೇಗದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ, ಹೇಳಿದಷ್ಟು ಬರುತ್ತದೆ. ಕೆಟ್ಟದ್ದು ಒಟ್ಟು ಐದು ಸಲ, ಅದರಲ್ಲಿ ನಾಲ್ಕು ಸಲ ಮರ ಬಿದ್ದು. ಆಗೆಲ್ಲ ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲಿನ 'ಲಾಸ್' ಎಂಬ ದೀಪ ಕೆಂಪಗೆ ಮಿನುಗುತ್ತದೆ. ಬೆಳಕೇ ಬರುತ್ತಿಲ್ಲ ಎಂದು ಅದರ ಅರ್ಥ. ಆಫ್ ಮಾಡಿ ಆನ್ ಮಾಡುವುದರಿಂದ ಏನೂ ಆಗದು, ಲೈನ್‌ಮನ್ ಬರಬೇಕು. ಐದನೆಯ ಸಲದ್ದು ಮಾತ್ರ ಬೇರೆ. ದೀಪಗಳೆಲ್ಲ ಹಸಿರು, ಆದರೆ ಗಂಟೆಗೆ ಎರಡು ಮೂರು ಬಾರಿ ಸಂಪರ್ಕ ಹೋಗಿ ಬರುತ್ತಿತ್ತು. ಲೈನ್‌ಮನ್ ಮೀಟರ್ ಹಚ್ಚಿ ನೋಡಿದರೆ ಬೆಳಕಿನ ಬಲ ಮೈನಸ್ 28 ಡಿಬಿಎಂ. ಮೊದಲ ದಿನ ಅದೇ ಜಾಗದಲ್ಲಿ ಮೈನಸ್ 19 ಇತ್ತು. ಈ ಲೆಕ್ಕದಲ್ಲಿ ಮೂರು ಇಳಿದರೆ ಬೆಳಕು ಅರ್ಧವಾದಂತೆ. ಒಂಬತ್ತು ಇಳಿಯಿತೆಂದರೆ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿದಿದೆ. ಸಾಮಾನ್ಯ ಪೆಟ್ಟಿಗೆಗಳು ಮೈನಸ್ 27ರವರೆಗೆ ತಾಳಿಕೊಳ್ಳುತ್ತವೆ. "ಇದು ಮಂಗನ ಕೆಲಸ, ಹೆಗಡೆಯವರೇ" ಎಂದು ಆತ ಮಾಡಿನ ಅಂಚಿಗೆ ಕೈ ತೋರಿಸಿದ. ಮಂಗ ಜೋತಾಡಿದ ಜಾಗದಲ್ಲಿ ಕೇಬಲ್ ಕೈಬಳೆಗಿಂತ ಸಣ್ಣದಾಗಿ ಬಾಗಿತ್ತು. ಗಾಜಿನ ಎಳೆ ತುಂಡಾಗದಿದ್ದರೂ ಅಷ್ಟು ಬಾಗಿದರೆ ಬೆಳಕು ಹೊರಗೆ ಸೋರುತ್ತದೆ. ಈಗ ಪ್ರತಿ ತಿಂಗಳ ಮೊದಲ ದಿನ ಪೆಟ್ಟಿಗೆಯ ಪುಟವನ್ನು ತೆರೆದು ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತೇನೆ.

ಕರೆಂಟಿನ ವಿಷಯವನ್ನು ಮಾರುವವರು ಯಾರೂ ಮೊದಲೇ ಹೇಳುವುದಿಲ್ಲ. ಹಳೆಯ ತಾಮ್ರದ ತಂತಿಯ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ, ಕರೆಂಟು ನಮ್ಮದೇ ಆಗಬೇಕು. ಸಣ್ಣ ಯುಪಿಎಸ್ ಒಂದನ್ನು ತಂದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 8800 ಎಂಎಎಚ್ ಎಂದಿತ್ತು. ಆದರೆ ಅದು 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 32 ವ್ಯಾಟ್-ಅವರ್. ಹತ್ತು ವ್ಯಾಟಿನ ಪೆಟ್ಟಿಗೆಗೆ ಎರಡೂವರೆ ಗಂಟೆ ಬಂದರೆ ಪುಣ್ಯ. ಜೂನ್ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ಎರಡು ದಿನ ಬರದಿರುವುದುಂಟು! ಕೊನೆಗೆ ಎಲ್ಲವನ್ನೂ ಮನೆಯ ಇನ್ವರ್ಟರಿಗೇ ಸೇರಿಸಿದೆ. ಕರೆಂಟು ಹೋದ ಕ್ಷಣದಲ್ಲಿ ಪೆಟ್ಟಿಗೆ ಆರಿ ಹತ್ತುತ್ತಿದ್ದರೆ ಇನ್ವರ್ಟರಿನ ಹಿಂದಿರುವ ಗುಂಡಿಯನ್ನು 'ಯುಪಿಎಸ್' ಕಡೆಗೆ ತಿರುಗಿಸಿ ನೋಡಿ. ಆ ಗುಂಡಿ ಇದೆಯೆಂದು ತಿಳಿಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು.

ಇನ್ನು ವೈಫೈ. ನಮ್ಮದು ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆಗಳ ಮನೆ. 5 ಗಿಗಾಹರ್ಟ್ಸ್ ತರಂಗ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ, 2.4 ಗಿಗಾಹರ್ಟ್ಸ್ ಹೇಗೋ ಅಡುಗೆಮನೆ ಮುಟ್ಟುತ್ತದೆ, ಅತಿಥಿಗಳ ಕೋಣೆ ಮುಟ್ಟುವುದಿಲ್ಲ. ಚಾನೆಲ್ ಬದಲಿಸಿ, 1, 6, 11ರಲ್ಲಿ ಖಾಲಿ ಇರುವುದನ್ನು ಹಿಡಿಯಿರಿ ಎಂದು ಎಲ್ಲರೂ ಹೇಳುವ ಉಪಾಯವನ್ನು ನಾನೂ ಮಾಡಿದೆ. ಅಕ್ಕಪಕ್ಕದ ಮನೆಗಳ ವೈಫೈ ಒಂದಕ್ಕೊಂದು ಅಡ್ಡಬರುವ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅದು ಸರಿ. ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರವಿರುವಾಗ ಮೂರೂ ಚಾನೆಲ್‌ಗಳು ಖಾಲಿಯೇ. ಕೊನೆಗೆ ಅಟ್ಟದ ಮೇಲಿನಿಂದ ಕೇಬಲ್ ಎಳೆಸಿ ಆ ಕಡೆಗೆ ಇನ್ನೊಂದು ರೂಟರ್ ಕೂರಿಸಿದೆ. ವೈಫೈ ಕೊಟ್ಟಿಗೆಯವರೆಗೂ ಬಂತು. ಮೂರೂ ಫೋನುಗಳ ತಂತಿಯನ್ನು ಆ ಹೊಸ ರೂಟರಿಗೇ ಚುಚ್ಚಿ ಹೆಮ್ಮೆಯಿಂದ ಕುಳಿತೆ.

ತೊಂದರೆ ಶುರುವಾದದ್ದು ಅಲ್ಲಿಂದ. ಹೊರಗಿನಿಂದ ಬಂದ ಕರೆಯನ್ನು ಎತ್ತಿದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಅರ್ಧ ನಿಮಿಷದಲ್ಲಿ ತಟ್ಟನೆ ಕಡಿದುಹೋಗುತ್ತಿತ್ತು. ಕೋಣೆ ಕೇಳಲು ಫೋನ್ ಮಾಡಿದವರಿಗೆ ಬಾಡಿಗೆ ಹೇಳುವ ಹೊತ್ತಿಗೆ ಸರಿಯಾಗಿ ಕಡಿಯುತ್ತಿದ್ದುದರಿಂದ ನಾವೇ ಇಟ್ಟೆವೆಂದು ಸಿಟ್ಟಾದವರೂ ಇದ್ದಾರೆ. ಫೋನ್ ಕಂಪನಿಯವರು "ಸರ್, ನಿಮ್ಮ ಇಂಟರ್ನೆಟ್ ಸರಿಯಿಲ್ಲ" ಎಂದರು. ಫೈಬರಿನವರು "ವೇಗ ಪೂರ್ತಿ ಬರುತ್ತಿದೆ, ಫೋನಿನವರನ್ನೇ ಕೇಳಿ" ಎಂದರು. ಎರಡೂ ಕಡೆಯವರು ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿಸಿದರು. ಹೀಗೆ ಏಳು ವಾರ.

ಸುಳಿವು ಕೊಟ್ಟದ್ದು ಅಮ್ಮ. "ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಹೋಗುತ್ತದಲ್ಲೋ" ಎಂದಳು. ಗಡಿಯಾರ ಇಟ್ಟುಕೊಂಡು ನೋಡಿದೆ: 32 ಸೆಕೆಂಡು. ಮರುದಿನವೂ 32. ನಾವು ಮಾಡಿದ ಕರೆ ಮಾತ್ರ ಒಂದು ಗಂಟೆಯಾದರೂ ಕಡಿಯುವುದಿಲ್ಲ. ತಂತಿ ಸಡಿಲವಾಗಿದ್ದರೆ ಇಷ್ಟು ಶಿಸ್ತಿನಿಂದ ಕೆಡುತ್ತಿರಲಿಲ್ಲ.

ಈ ಅಂಕಿ ಎಲ್ಲಿಂದ ಬಂತೆಂದು ಹುಡುಕಿದೆ. ಇಂತಹ ಫೋನುಗಳು ಮಾತಾಡಿಕೊಳ್ಳುವ ಸಿಪ್ ಎಂಬ ಕ್ರಮವನ್ನು 2002ರಲ್ಲಿ ಆರ್‌ಎಫ್‌ಸಿ 3261 ಎಂಬ ದಾಖಲೆಯಲ್ಲಿ ನಿಗದಿ ಮಾಡಿದ್ದಾರೆ. ನಾವು ಕರೆ ಎತ್ತಿದಾಗ ನಮ್ಮ ಫೋನು "ಎತ್ತಿದ್ದೇನೆ" ಎಂದು ಹೇಳಿ ಕಳಿಸುತ್ತದೆ. ಆ ಕಡೆಯಿಂದ "ಗೊತ್ತಾಯಿತು" ಎಂಬ ಉತ್ತರ ಬರಬೇಕು. ಬರದಿದ್ದರೆ ಮತ್ತೆ ಮತ್ತೆ ಹೇಳುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಾದು, ಆಮೇಲೆ ತಾನೇ ಕರೆಯನ್ನು ಮುಗಿಸುತ್ತದೆ. ನಮ್ಮಲ್ಲಿ ದನಿ ಬರುತ್ತಿತ್ತು, ಆ ಒಂದು ಉತ್ತರ ಮಾತ್ರ ಬರುತ್ತಿರಲಿಲ್ಲ.

ಏಕೆಂದರೆ ವಿಳಾಸ ತಪ್ಪಿತ್ತು. ಸಿಪ್ ಸಂದೇಶದಲ್ಲಿ ಲಕೋಟೆಯ ಮೇಲೆ ಒಂದು ವಿಳಾಸ ಇರುತ್ತದೆ, ಒಳಗಿನ ಕಾಗದದಲ್ಲೂ ಒಂದಿರುತ್ತದೆ. ರೂಟರ್ ಸಾಮಾನ್ಯವಾಗಿ ಲಕೋಟೆಯದನ್ನು ಮಾತ್ರ ಬದಲಿಸುತ್ತದೆ. ನಾನು ತಂದ ರೂಟರಿನಲ್ಲಿ 'ಸಿಪ್ ಎಎಲ್‌ಜಿ' ಎಂಬ ಉಪಕಾರಿಯೊಬ್ಬ ಇದ್ದ. ಕಾಗದದೊಳಗಿನ ವಿಳಾಸವನ್ನೂ ತಿದ್ದುವುದು ಅವನ ಕೆಲಸ, ತಿದ್ದಿಯೂ ತಿದ್ದಿದ. ಆದರೆ ಹೊರಗಿನದೆಂದು ಅವನು ತಿಳಿದು ಬರೆದ ವಿಳಾಸವೂ 192.168ರಿಂದಲೇ ಶುರುವಾಗುವ ಮನೆಯೊಳಗಿನ ವಿಳಾಸವೇ ಆಗಿತ್ತು, ಏಕೆಂದರೆ ಅವನ ಮುಂದೆ ಫೈಬರಿನ ಪೆಟ್ಟಿಗೆ ಇನ್ನೊಂದು ರೂಟರಾಗಿ ಕುಳಿತಿತ್ತು. ಫೋನ್ ಕಂಪನಿಯ ಸರ್ವರ್ ಆ ವಿಳಾಸವನ್ನು ನಂಬಿ ಉತ್ತರ ಕಳಿಸಿತು. ಅದು ಯಾವ ಮನೆಯನ್ನೂ ಮುಟ್ಟಲಿಲ್ಲ.

ಪರೀಕ್ಷೆಗೆ ಜಗಲಿಯ ಫೋನನ್ನು ನೇರವಾಗಿ ಫೈಬರ್ ಪೆಟ್ಟಿಗೆಗೆ ಚುಚ್ಚಿದೆ. ಕರೆ ಕಡಿಯಲಿಲ್ಲ. ಹಾಗಾದರೆ ಕಳ್ಳ ನನ್ನದೇ ರೂಟರ್. ಅದನ್ನು 'ಆಕ್ಸೆಸ್ ಪಾಯಿಂಟ್' ಕ್ರಮಕ್ಕೆ ಬದಲಿಸಿದೆ, ಅಂದರೆ ವಿಳಾಸ ಹಂಚುವ ಯಜಮಾನಿಕೆ ಕಸಿದುಕೊಂಡು ಬರೀ ವೈಫೈ ಬೀರುವ ಕೆಲಸ ಕೊಟ್ಟೆ. ಹತ್ತು ನಿಮಿಷದ ಕೆಲಸ. ಮೊದಲು ಈ ಚುಚ್ಚಿ ನೋಡುವ ಪರೀಕ್ಷೆಯನ್ನು ಮಾಡಿದ್ದರೆ ಏಳು ವಾರ ಉಳಿಯುತ್ತಿತ್ತು. ಎರಡು ಸಹಾಯವಾಣಿಗಳಲ್ಲಿ ಒಬ್ಬರೂ "ಮನೆಯಲ್ಲಿ ಎಷ್ಟು ರೂಟರ್ ಇವೆ?" ಎಂದು ಕೇಳಲಿಲ್ಲ.

ಆಮೇಲೆ ಉಳಿದದ್ದು ಸಂಜೆಯ ತೊಂದರೆ. ಅತಿಥಿಗಳು ಜೋಗದಿಂದ ಹಿಂದಿರುಗಿ ಇಡೀ ದಿನದ ವಿಡಿಯೋ ಮೇಲೇರಿಸತೊಡಗಿದರೆ ನಮ್ಮ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳುತ್ತಿತ್ತು. ಒಂದು ಕರೆಗೆ ಒಂದು ದಿಕ್ಕಿನಲ್ಲಿ ಬೇಕಾಗುವುದು 90 ಕೆಬಿಪಿಎಸ್‌ಗೂ ಕಡಿಮೆ. ವೇಗದ ಕೊರತೆಯಲ್ಲ, ವಿಡಿಯೋಗಳ ಸಾಲಿನ ಹಿಂದೆ ನಮ್ಮ ಮಾತು ಕಾದು ನಿಂತ ತೊಂದರೆ. ಗೂಗಲ್‌ನ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುವ ಹೊತ್ತನ್ನು ಅಳೆದರೆ, ಬೆಳಗ್ಗೆ 30 ಮಿಲಿಸೆಕೆಂಡು, ಆ ಹೊತ್ತಿಗೆ 400. ಅತಿಥಿಗಳ ವೈಫೈಗೆ ಮೇಲೇರಿಸುವ ವೇಗದ ಮಿತಿ ಹಾಕಿದೆ, ಸರಿಹೋಯಿತು. ದೊಡ್ಡ ಪ್ಲಾನಿಗೆ ಬದಲಾಯಿಸಿಕೊಳ್ಳಿ ಎಂದು ಕಂಪನಿ ಕೊಟ್ಟ ಸಲಹೆಯನ್ನು ಕೇಳಲಿಲ್ಲ.

ಮುಂದಿನ ತಿಂಗಳು ಎರಡರದ್ದೂ ನವೀಕರಣವಿದೆ. ಫೈಬರಿಗೆ ಇಡೀ ವರ್ಷದ ಹಣ ಕಟ್ಟುತ್ತೇನೆ; ಮರ ಬಿದ್ದರೂ ಅವರ ಲೈನ್‌ಮನ್ ಮಳೆಯಲ್ಲಿ ತೋಟ ದಾಟಿ ಬರುತ್ತಾನೆ. ಫೋನಿಗೆ ಮೂರು ತಿಂಗಳದ್ದು ಮಾತ್ರ.